ಸಾಲದ ದಾಖಲೆ ಇಲ್ಲದವರಿಗೆ ಸಾಲ
(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಗೌರವಾನ್ವಿತ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳ ತಂದೆ ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಈ ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದರಲ್ಲಿ ಕಾಣದ ಒಂದು ವಿಷಯವನ್ನು ನಾವು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ನಾವು ಕೊಡುವ ವಿದ್ಯಾರ್ಥಿವೇತನ ಶುಲ್ಕದ ಒಂದು ಪಾಲಿಗೆ ಸಾಕಾಗುತ್ತದೆ. ಉಳಿದ ಶುಲ್ಕ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಎಂದು ಲೆಕ್ಕ ಹಾಕಿದರೆ ಅನೇಕ ಮನೆಗಳಿಗೆ ಸಾಲವೇ ದಾರಿ. ಆ ಸಾಲ ಎಲ್ಲಿಂದ ಬಂತು ಎಂಬುದರ ಮೇಲೆ ಮಗುವಿನ ಓದು ಮುಂದುವರಿಯುತ್ತದೆಯೇ ನಿಲ್ಲುತ್ತದೆಯೇ ಎಂಬುದು ನಿಂತಿರುತ್ತದೆ.

ಖಾಸಗಿ ಲೇವಾದೇವಿಯಲ್ಲಿ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು ಶೇ. 60 ಆಗುತ್ತದೆ. 50,000 ರೂಪಾಯಿ ತಂದವರು ವರ್ಷಕ್ಕೆ 30,000 ಬಡ್ಡಿಯನ್ನೇ ಕಟ್ಟಿರುತ್ತಾರೆ, ಅಸಲು ಹಾಗೆಯೇ ಉಳಿದಿರುತ್ತದೆ. ಇದು ಗೊತ್ತಿದ್ದೂ ಜನ ಅಲ್ಲಿಗೆ ಹೋಗುವುದು ಏಕೆ? ಬ್ಯಾಂಕಿನಲ್ಲಿ ಅವರ ಹೆಸರಿಗೆ ಸಾಲದ ದಾಖಲೆ ಇಲ್ಲ ಎಂಬ ಉತ್ತರ ಸಿಗುವುದರಿಂದ.

ಈ ದಾಖಲೆ ಎಂದರೇನು ಎಂದು ತಿಳಿದಿರುವುದು ಒಳ್ಳೆಯದು. 2005ರ ಕಾಯ್ದೆಯ ಅಡಿಯಲ್ಲಿ ನಮ್ಮ ದೇಶದಲ್ಲಿ ನಾಲ್ಕು ಸಂಸ್ಥೆಗಳು ಜನರ ಸಾಲದ ಮಾಹಿತಿ ಇಟ್ಟುಕೊಳ್ಳುತ್ತವೆ. ಸಿಬಿಲ್ ಹೆಸರು ಎಲ್ಲರೂ ಕೇಳಿದ್ದೇ. ಅದು ಕೊಡುವ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕಳಿಸಿದ ಮಾಹಿತಿ ಮಾತ್ರ ಅಲ್ಲಿ ಸೇರುತ್ತದೆ. ಹದಿನೈದು ವರ್ಷ ತಪ್ಪದೆ ಮನೆ ಬಾಡಿಗೆ ಕೊಟ್ಟದ್ದು, ಅಂಗಡಿಯ ಉದ್ರಿ ಪುಸ್ತಕವನ್ನು ಪ್ರತಿ ತಿಂಗಳು ಚುಕ್ತಾ ಮಾಡಿದ್ದು, ಬೀಡಿ ಕಟ್ಟಿದ ಹಣದಲ್ಲಿ ನೆರೆಮನೆಯವರ ಕೈಸಾಲ ತೀರಿಸಿದ್ದು, ಇದಾವುದೂ ಅಲ್ಲಿಗೆ ತಲುಪುವುದಿಲ್ಲ. ಕೊಟ್ಟ ಮಾತಿಗೆ ತಪ್ಪದ ತಾಯಿಯೊಬ್ಬಳ ಹೆಸರಿನ ಮುಂದೆ ಅಲ್ಲಿ ಖಾಲಿ ಜಾಗ ಇರುತ್ತದೆ. ಅವಳಲ್ಲಿ ಪ್ರಾಮಾಣಿಕತೆ ಇದೆ, ಅದರ ಬರಹ ಇಲ್ಲ.

ಈ ಬರಹವನ್ನು ಹುಟ್ಟಿಸುವ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಅವರು 5,000 ರೂಪಾಯಿಯ ಆರಂಭದ ಬಂಡವಾಳದಲ್ಲಿ ಬ್ಯಾಂಕೊಂದನ್ನು ಕಟ್ಟಿದರು. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದು ಅದರ ಉದ್ದೇಶವಾಗಿತ್ತು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಮೊತ್ತ ಚಿಕ್ಕದಾದರೂ ಪ್ರತಿದಿನದ ಬರಹ ಅಲ್ಲಿ ಇರುತ್ತಿತ್ತು. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು ಮತ್ತು ಬ್ಯಾಂಕ್ ಜೋಡಣೆಗೂ ಅದೇ ಆಧಾರ. ಆಸ್ತಿಪತ್ರ ಇಲ್ಲದ ಹೆಂಗಸರಿಗೆ ಗುಂಪಿನ ಉಳಿತಾಯದ ಪುಸ್ತಕವೇ ಆಧಾರವಾಯಿತು.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡುವ ಬಗ್ಗೆಯೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೊಡುವವರಿಗೂ ಪಡೆಯುವವರಿಗೂ ಬರಹವೇ ರಕ್ಷಣೆ. ನಮ್ಮಂಥ ಟ್ರಸ್ಟುಗಳು ಕೊಡುವ ಬಡ್ಡಿರಹಿತ ಕರ್ಝೆ ಹಸನಾ ಸಿಬಿಲ್‌ನಲ್ಲಿ ದಾಖಲಾಗುವುದಿಲ್ಲ. ಎರಡು ವರ್ಷ ಕಂತು ತಪ್ಪಿಸದೆ ತೀರಿಸಿದ ಕುಟುಂಬವೂ ಬ್ಯಾಂಕಿನ ಎದುರು ಹೊಸಬರಾಗಿಯೇ ನಿಲ್ಲುತ್ತದೆ. ಆದ್ದರಿಂದ ಮುಂದಿನ ವರ್ಷದಿಂದ ಕರ್ಝೆ ಹಸನಾದ ಕಂತುಗಳನ್ನು ನಗದಾಗಿ ಪಡೆಯುವ ಬದಲು ಪಡೆದವರ ಖಾತೆಯಿಂದಲೇ ಟ್ರಸ್ಟಿನ ಖಾತೆಗೆ ಪಡೆಯುತ್ತೇವೆ. ಪಾಸ್‌ಬುಕ್ಕಿನಲ್ಲಿ ಅದು ಕಾಣಿಸುತ್ತದೆ. ಸಾಲ ತೀರಿದಾಗ ತಾರೀಕು ಸಹಿತ ಪತ್ರ ಕೊಡುತ್ತೇವೆ. ಅದು ಸ್ಕೋರ್ ಆಗದು. ಆದರೆ ಬ್ಯಾಂಕಿನ ಅಧಿಕಾರಿಯ ಮೇಜಿನ ಮೇಲೆ ಇಡಲು ಒಂದು ಕಾಗದ ಇರುತ್ತದೆ.

ಬಡ್ಡಿಯ ಸಾಲವನ್ನು ಧರ್ಮದ ದೃಷ್ಟಿಯಿಂದ ಬೇಡವೆನ್ನುವ ಕುಟುಂಬಗಳು ನಮ್ಮಲ್ಲಿವೆ. ಅದು ಅವರು ಉಲಮಾಗಳನ್ನು ಕೇಳಿ ತೀರ್ಮಾನಿಸುವ ವಿಷಯ, ನಾವು ಅದರಲ್ಲಿ ಬರುವುದಿಲ್ಲ. ವೃತ್ತಿಪರ ಕೋರ್ಸ್ ಓದುವ ಮಕ್ಕಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ಇದೆ, ಅದರಲ್ಲಿ ಶೇ. 2ರ ಸೇವಾ ಶುಲ್ಕ ಮಾತ್ರ. ಅದನ್ನು ಮೊದಲು ವಿಚಾರಿಸಿ.

ಬ್ಯಾಂಕಿಗೆ ಹೋಗುವವರು ಕೆಲವು ಸಂಗತಿ ತಿಳಿದಿರಬೇಕು. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಸಾಲದ ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಬೇಕಿಲ್ಲ. ಹೆತ್ತವರು ಜಂಟಿ ಸಾಲಗಾರರಾಗಿ ಸಹಿ ಹಾಕುತ್ತಾರೆ. ಆದ್ದರಿಂದ ಕಂತು ತಪ್ಪಿದರೆ ಮಗುವಿನ ಹೆಸರಿಗೂ ನಿಮ್ಮ ಹೆಸರಿಗೂ ಪೆಟ್ಟು. ಬೀದಿಬದಿ ವ್ಯಾಪಾರ ಮಾಡುವ ತಂದೆಯರಿಗೆ 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಒಳ್ಳೆಯ ಮೆಟ್ಟಿಲು. ಈಗ ಮೊದಲ ಸಾಲ 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000 ರೂಪಾಯಿವರೆಗೆ ಸಿಗುತ್ತದೆ. ದಾಖಲೆ ಇಲ್ಲದವರಿಗೆ ದಾಖಲೆ ಹುಟ್ಟುವುದು ಹೀಗೆ, ಚಿಕ್ಕದನ್ನು ತೀರಿಸುತ್ತಾ.

ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ನಿಮ್ಮ ವರದಿಯನ್ನು ಉಚಿತವಾಗಿ ಪಡೆಯಬಹುದು. ನೀವು ತೆಗೆದುಕೊಳ್ಳದ ಸಾಲ ಅದರಲ್ಲಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಇನ್ನೊಬ್ಬರಿಗೆ ಜಾಮೀನು ಹಾಕಿದ್ದೂ ನಿಮ್ಮ ವರದಿಯಲ್ಲಿ ಬರುತ್ತದೆ. ಸ್ನೇಹಕ್ಕೆಂದು ಸಹಿ ಹಾಕುವ ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಎನ್ನುವ ಆಪ್‌ಗಳ ಹಿಂದೆ ಯಾವ ಬ್ಯಾಂಕ್ ಇದೆ, ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೇ ಎಂದು ನೋಡದೆ ಒತ್ತಬೇಡಿ.

ದಾನಿಗಳಲ್ಲಿ ನಮ್ಮ ಕೋರಿಕೆ ಎರಡು. ನಿಮ್ಮಲ್ಲಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ. ಪ್ರವೇಶದ ತಿಂಗಳುಗಳಲ್ಲಿ ವಾರಕ್ಕೆ ಒಂದು ಸಂಜೆ ಕಚೇರಿಗೆ ಬಂದು ಅರ್ಜಿ ತುಂಬಿಸಲು ಕುಳಿತುಕೊಳ್ಳಿ. ಇನ್ನೊಂದು, ಕರ್ಝೆ ಹಸನಾ ನಿಧಿಗೆ ಸೇರಿಸಿ. ಅಲ್ಲಿ ಹಾಕಿದ ಹಣ ತಿರುಗಿ ಬಂದು ಇನ್ನೊಬ್ಬ ಮಗುವಿನ ಕೈ ಸೇರುತ್ತದೆ.

ಕುಟುಂಬಗಳಿಗೆ ಒಂದು ಸೂಚನೆ: ವಿದ್ಯಾರ್ಥಿವೇತನದ ಅರ್ಜಿಯ ಜೊತೆಗೆ ತಾಯಿ ಅಥವಾ ತಂದೆಯ ಹೆಸರಿನ ಪಾಸ್‌ಬುಕ್ಕಿನ ಪ್ರತಿ ತನ್ನಿ. ಖಾತೆ ಇಲ್ಲದಿದ್ದರೆ ಸಂಕೋಚ ಬೇಡ, ತೆರೆಯಲು ನಾವು ಜೊತೆಗೆ ಬರುತ್ತೇವೆ. ಸಾಲ ಬೇಕಾಗುವ ದಿನ ಬರುವ ಮೊದಲೇ ಬರಹ ಆರಂಭವಾಗಲಿ.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ ಬರ್ಕತ್ ನೀಡಲಿ, ಸಾಲದ ಭಾರದಿಂದ ನಮ್ಮ ಮನೆಗಳನ್ನು ಕಾಪಾಡಲಿ, ಕೊಡುವ ಕೈಗಳನ್ನು ಬಲಪಡಿಸಲಿ. ಆಮೀನ್.