ಗಾಳಿಯ ತಡೆಯನ್ನು ಅಳೆಯೋಣ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು. ಆದರೂ ಇಂದು ವಿಜ್ಞಾನದ ಎರಡು ಮಾತು ಹೇಳಬಯಸುತ್ತೇನೆ. ಒಬ್ಬ ವಿದ್ಯಾರ್ಥಿನಿ ನ್ಯೂಟನ್ನನ ಎರಡನೇ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದಳು. "ಇದರ ಉಪಯೋಗವೇನಮ್ಮ?" ಎಂದೆ. "ಪರೀಕ್ಷೆಗೆ ಸಾರ್" ಎಂದಳು. ಅವಳ ತಂದೆ ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರು. ಅವರ ಪೆಟ್ರೋಲ್ ಖರ್ಚಿನ ಗುಟ್ಟು ಅದೇ ನಿಯಮದಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕಪಿಲಾ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಧಾನವಾಗಿ ನಡೆಯಬಹುದು. ಓಡಲು ಹೋದರೆ ನೀರು ಬಿಡುವುದಿಲ್ಲ. ಗಾಳಿಯೂ ಹಾಗೆಯೇ. ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ.

ಇದನ್ನು ಅಳೆಯುವುದು ಹೇಗೆ? ಸಮತಟ್ಟಾದ ದಾರಿಯಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಒತ್ತದೆ, ತಾನಾಗಿ ನಿಧಾನವಾಗಲು ಬಿಟ್ಟು ಸಮಯ ನೋಡಬೇಕು. 1000 ಕಿಲೋ ತೂಕದ ಕಾರು ಗಂಟೆಗೆ 85 ಕಿ.ಮೀ.ನಿಂದ 75ಕ್ಕೆ ಇಳಿಯಲು 8 ಸೆಕೆಂಡು, 35ರಿಂದ 25ಕ್ಕೆ ಇಳಿಯಲು 20 ಸೆಕೆಂಡು ಹಿಡಿಯಿತೆನ್ನಿ. ಎರಡೂ ಸಲ ಇಳಿದ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್. ಅದನ್ನು ಸಮಯದಿಂದ ಭಾಗಿಸಿ, ತೂಕದಿಂದ ಗುಣಿಸಿದರೆ ಒಟ್ಟು ತಡೆ 350 ಮತ್ತು 140 ನ್ಯೂಟನ್. ಟೈರಿನ ತಡೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ವ್ಯತ್ಯಾಸದ 210 ನ್ಯೂಟನ್ ಗಾಳಿಯದು. 80ರ ವರ್ಗದಲ್ಲಿ 30ರ ವರ್ಗ ಕಳೆದರೆ 5500. 210ನ್ನು 5500ರಿಂದ ಭಾಗಿಸಿ 6400ರಿಂದ ಗುಣಿಸಿ. 80ರ ವೇಗದಲ್ಲಿ ಗಾಳಿಯ ತಡೆ 244 ನ್ಯೂಟನ್! ಅದೇ ಕಾರು 60ರಲ್ಲಿ ಹೋದರೆ ಇದು 137ಕ್ಕೆ ಇಳಿಯುತ್ತದೆ.

ದಾರಿಯ ಸಣ್ಣ ಇಳಿಜಾರು, ಬೀಸುವ ಗಾಳಿ ಲೆಕ್ಕ ಕೆಡಿಸಬಾರದೆಂದು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆದು ಸರಾಸರಿ ತೆಗೆಯುತ್ತಾರೆ. ಇಂತಹ ಪರೀಕ್ಷೆಗಳಿಗೆ ಪ್ರತ್ಯೇಕ ಟ್ರ್ಯಾಕ್‌ಗಳಿವೆ. ಇಂದೋರ್ ಬಳಿಯ ಪೀಥಂಪುರದಲ್ಲಿ 2021ರಲ್ಲಿ 11.3 ಕಿ.ಮೀ. ಉದ್ದದ ಟ್ರ್ಯಾಕ್ ಉದ್ಘಾಟನೆಯಾಯಿತು. ಮಕ್ಕಳೇ, ನಮ್ಮ ನಂಜನಗೂಡು ರಸ್ತೆಯಲ್ಲಿ ಯಾರೂ ಇದನ್ನು ಮಾಡಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದಂತೂ ಅಪಾಯ. ನಿಮಗೆ ಶಾಲೆಯ ಮೈದಾನವಿದೆ, ಸೈಕಲ್ಲಿದೆ. ಪೆಡಲ್ ನಿಲ್ಲಿಸಿ ಎಷ್ಟು ದೂರ ಹೋಯಿತೆಂದು ಅಳೆಯಿರಿ.

ಆ ಹುಡುಗಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದೆ. ವಾರದ ನಂತರ ಬಂದು, "ಖಾಲಿ ಕ್ಯಾರಿಯರ್ ಗಾಳಿಗೆ ಅಡ್ಡ ಅಂತ ಅಬ್ಬಾಗೆ ಹೇಳಿದೆ. ಬಿಚ್ಚಿಟ್ಟರು ಸಾರ್" ಎಂದಳು. ಪರೀಕ್ಷೆಗೆಂದು ಕಲಿತ ಪಾಠ ಅಂದು ಅವಳ ಮನೆಗೆ ಹೋಯಿತು. ನಮ್ಮ ಪ್ರತಿಯೊಂದು ಮಗುವಿನ ಪಾಠವೂ ಹೀಗೆ ಮನೆ ಸೇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.