ದೂರದ ವೈದ್ಯ, ಮನೆಯ ಎಚ್ಚರ

ರೋಗಿಯು ವೈದ್ಯನ ಬಳಿಗೆ ಹೋಗುವುದು, ಇಲ್ಲವೇ ವೈದ್ಯನು ರೋಗಿಯ ಬಳಿಗೆ ಬರುವುದು. ನಮ್ಮ ಹಿರಿಯರು ಬಲ್ಲ ದಾರಿಗಳು ಈ ಎರಡೇ. ಗಾಡಿ ಕಟ್ಟಿಕೊಂಡು ಹೋಗಬಲ್ಲವರು ಹೋದರು. ಹೋಗಲಾರದವರು ಕಷಾಯ ಕುಡಿದು ಮಲಗಿದರು. ಈಗ ಮೂರನೆಯ ದಾರಿಯೊಂದು ತೆರೆದಿದೆ. ರೋಗಿಯೂ ಕದಲದೆ, ವೈದ್ಯನೂ ಕದಲದೆ, ಇಬ್ಬರ ನಡುವೆ ರೋಗದ ಸುದ್ದಿ ಮಾತ್ರ ಓಡಾಡುವ ದಾರಿ ಅದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮಗೆ ಈ ದಾರಿಯಿಂದ ಆಗುವ ಉಪಕಾರವೇನು, ಅದೇ ದಾರಿಯಲ್ಲಿ ಹೊಂಚು ಹಾಕಿ ಕುಳಿತ ಕಳ್ಳನಿಂದ ಪಾರಾಗುವುದು ಹೇಗೆ ಎಂಬ ಎರಡು ವಿಷಯಗಳನ್ನು ಈ ಭಾಷಣದಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಈ ದಾರಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಐಂಥೋವನ್ ಎಂಬ ವಿಜ್ಞಾನಿಯಿದ್ದರು. ಹೃದಯದ ಬಡಿತದಿಂದ ಏಳುವ ಅತಿ ಸಣ್ಣ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಅವರು ರಚಿಸಿದರು. ಇಂದು ನಾವು ಇಸಿಜಿ ಎನ್ನುವುದು ಅದರ ಸಂತಾನವೇ. ಆ ಯಂತ್ರದ ತೂಕ ಸುಮಾರು 270 ಕಿಲೋ; ನಡೆಸುವುದಕ್ಕೆ ಐದು ಜನ ಬೇಕು. ಅದನ್ನು ಆಸ್ಪತ್ರೆಗೆ ಹೊತ್ತೊಯ್ಯುವಂತಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರುವುದೂ ಕಷ್ಟ. 1905ರಲ್ಲಿ ಅವರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸುದ್ದಿಯನ್ನು ಟೆಲಿಫೋನು ತಂತಿಯ ಮೂಲಕ ತಮ್ಮ ಯಂತ್ರಕ್ಕೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ತಂತಿಯಿಂದ ಉಪಗ್ರಹಕ್ಕೆ, ಉಪಗ್ರಹದಿಂದ ನಿಮ್ಮ ಅಂಗೈಯಲ್ಲಿರುವ ಮೊಬೈಲಿಗೆ ಈ ವಿದ್ಯೆ ಬಂದು ನಿಂತಿದೆ.

ನಮ್ಮ ಜಿಲ್ಲೆಗೆ ಇದರ ಅಗತ್ಯ ಎಷ್ಟೆಂಬುದನ್ನು ನೋಡಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ ಇದು. ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಗಂಗಾವತಿಯ ಕಡೆ ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾಗಳ ಎರೆಹೊಲಗಳು ಮಳೆಯ ದಾರಿ ನೋಡುತ್ತವೆ. ದೊಡ್ಡ ಕಾಯಿಲೆ ಎಂದರೆ ನಮ್ಮ ಜನ ನೆನೆಯುವುದು ಹುಬ್ಬಳ್ಳಿಯನ್ನು. ಅದು ಕೊಪ್ಪಳದಿಂದಲೇ ನೂರು ಕಿಲೋಮೀಟರಿಗೂ ಮಿಗಿಲು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಚಾರ್ಜು ಉಳಿದಿರಬಹುದು, ಆದರೆ ಹೋದ ದಿನದ ಕೂಲಿ ಹೋದಂತೆಯೇ. ಈ ಕಾರಣಕ್ಕೇ ಎಷ್ಟೋ ಮಂದಿ ತಾಯಂದಿರು ತಮ್ಮ ಬೇನೆಯನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡುತ್ತಾರೆ.

ಇಂಥವರಿಗಾಗಿ ಇರುವುದೇ ಇ-ಸಂಜೀವಿನಿ. ಕೇಂದ್ರ ಸರಕಾರದ ಈ ಸೇವೆ 2019ರ ಕೊನೆಯಲ್ಲಿ ಆರಂಭವಾಯಿತು; 2020ರ ಏಪ್ರಿಲಿನಲ್ಲಿ, ಕೊರೋನಾದ ದೆಸೆಯಿಂದ ಬಾಗಿಲುಗಳೆಲ್ಲ ಮುಚ್ಚಿದ್ದಾಗ, ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆಯೂ ಅದಕ್ಕೆ ಸೇರಿತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಮೊಬೈಲು ಬಳಸಲು ಬಾರದವರು ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರಾಯಿತು. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ರಕ್ತದ ಒತ್ತಡ ನೋಡಿ, ಸಕ್ಕರೆ ಪರೀಕ್ಷೆ ಮಾಡಿ, ತೆರೆಯ ಮೇಲೆ ದೂರದ ವೈದ್ಯರನ್ನು ಮಾತನಾಡಿಸುತ್ತಾರೆ. ಮನಸ್ಸಿನ ಬೇನೆಗೆ 14416 ಎಂಬ ಟೆಲಿ-ಮಾನಸ್ ಸಂಖ್ಯೆ 2022ರ ಅಕ್ಟೋಬರಿನಿಂದ ಇದೆ. ಹೆಸರು ಹೇಳಿಕೊಳ್ಳಲು ನಾಚುವವರಿಗೂ, ನಿದ್ದೆಗೆಟ್ಟವರಿಗೂ ಅದು ಆಸರೆ.

ಇದಕ್ಕಿಂತ ಮಿಗಿಲಾದುದು ಹೃದಯಾಘಾತದ ಸಂದರ್ಭ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಗರಣೆ ಕಟ್ಟಿಕೊಂಡಾಗ, ರಕ್ತ ಸಿಗದ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಮೊದಲ ಗಂಟೆಯನ್ನು ವೈದ್ಯರು ಸುವರ್ಣ ಸಮಯವೆನ್ನುತ್ತಾರೆ. ಕುಷ್ಟಗಿಯಿಂದ ಹುಬ್ಬಳ್ಳಿ ಮುಟ್ಟುವುದರೊಳಗೆ ಆ ಸಮಯ ಕಳೆದೇ ಹೋಗುತ್ತದೆ. ಆದುದರಿಂದ ರಾಜ್ಯ ಸರಕಾರವು ನಟ ಪುನೀತ್ ರಾಜ್‌ಕುಮಾರ್ ಅವರ ನೆನಪಿನಲ್ಲಿ ಹೃದಯ ಜ್ಯೋತಿ ಎಂಬ ಯೋಜನೆಯನ್ನು ತಂದಿತು. ಎದೆನೋವು ಎಂದು ಬಂದವರಿಗೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುವುದು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಓದಿ, ದೂರದ ಹೃದಯತಜ್ಞರು ತೀರ್ಪು ಹೇಳುವುದು. ಅಗತ್ಯವಿದ್ದರೆ ಗರಣೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು: ಇದು ಅದರ ಕ್ರಮ. ಐಂಥೋವನ್ನರ ಒಂದೂವರೆ ಕಿಲೋಮೀಟರು ಇಲ್ಲಿ ನೂರಾರು ಕಿಲೋಮೀಟರಾಗಿದೆ, ಅಷ್ಟೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಕರ್ಯ ಯಾವ ವೇಳೆಯಲ್ಲಿ ಸಿಗುತ್ತದೆ ಎಂಬುದನ್ನು ಎದೆನೋವು ಬರುವುದಕ್ಕೆ ಮುಂಚೆಯೇ ಕೇಳಿ ತಿಳಿದಿರಿ. ನೋವು ಬಂದಾಗ ಅಜೀರ್ಣವೆಂದು ಸೋಡಾ ಕುಡಿಯುತ್ತ ಕೂಡದೆ 108ಕ್ಕೆ ಕರೆಮಾಡಿ.

ಇನ್ನು ಎರಡನೆಯ ವಿಷಯ. ವೈದ್ಯನು ಬರುವ ಬಾಗಿಲಿನಿಂದಲೇ ಕಳ್ಳನೂ ಬರುತ್ತಾನೆ. ಅವನಿಗೆ ಗೋಡೆ ಕೊರೆಯುವ ಕಷ್ಟವಿಲ್ಲ. ನಿಮ್ಮ ಕೈಯಿಂದಲೇ ಚಿಲಕ ತೆಗೆಸುತ್ತಾನೆ. ಕಾಯಿಲೆಯಿರುವ ಮನೆಯೆಂದರೆ ಅವನಿಗೆ ಸುಗ್ಗಿ, ಏಕೆಂದರೆ ಅಲ್ಲಿ ಗಾಬರಿಯಿರುತ್ತದೆ, ಅವಸರವಿರುತ್ತದೆ.

ಅವನ ವೇಷಗಳಲ್ಲಿ ಕೆಲವನ್ನು ಹೇಳುತ್ತೇನೆ. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನು ಸಂಖ್ಯೆಗಾಗಿ ಮಗನು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾನೆ. ಆಸ್ಪತ್ರೆಯ ಹೆಸರಿನಲ್ಲಿ ಕಳ್ಳನೇ ಇಟ್ಟ ಸಂಖ್ಯೆ ಸಿಗುತ್ತದೆ. "ಚೀಟಿ ಮಾಡಿಸಲು ಐದೇ ರೂಪಾಯಿ, ಕಳಿಸಿರುವ ಲಿಂಕನ್ನು ಒತ್ತಿ" ಎನ್ನುತ್ತಾನೆ. ಒತ್ತಿದರೆ ಎಪಿಕೆ ಎಂಬ ಕಡತವೊಂದು ಮೊಬೈಲಿನಲ್ಲಿ ಇಳಿದು ಕೂತು, ಬ್ಯಾಂಕಿನಿಂದ ನಿಮಗೆ ಬರುವ ಗುಟ್ಟಿನ ಸಂಖ್ಯೆಗಳನ್ನು ಅವನಿಗೆ ತೋರಿಸುತ್ತದೆ. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವುದೂ ಇದೇ ಕಡತ. ಮತ್ತೊಬ್ಬನು ಆಯುಷ್ಮಾನ್ ಕಾರ್ಡು ರದ್ದಾಗುತ್ತದೆಂದು ಹೆದರಿಸಿ ಓಟಿಪಿ ಕೇಳುತ್ತಾನೆ. ಇನ್ನೊಬ್ಬನು ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕವಸ್ತು ಸಿಕ್ಕಿತೆಂದು, ಪೋಲೀಸರ ಉಡುಪಿನಲ್ಲಿ ವೀಡಿಯೋ ಕರೆ ಮಾಡಿ, ಕೋಣೆ ಬಿಟ್ಟು ಕದಲದಂತೆ ಕೂರಿಸುತ್ತಾನೆ. ಇದಕ್ಕೆ 'ಡಿಜಿಟಲ್ ಅರೆಸ್ಟ್' ಎಂದು ಹೆಸರು. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿಯೇ ಇದನ್ನು ಕುರಿತು ಜನರನ್ನು ಎಚ್ಚರಿಸಿದ್ದರು.

ದುಡ್ಡು ಕದಿಯದೆ ಆರೋಗ್ಯ ಕದಿಯುವವರೂ ಇದ್ದಾರೆ. ಸಕ್ಕರೆ ಕಾಯಿಲೆಯನ್ನು ಬುಡಸಹಿತ ಕೀಳುವ ಪುಡಿ, ಅರ್ಬುದ ರೋಗಕ್ಕೆ ಎಲೆಯ ರಸ ಎಂದು ಮೊಬೈಲಿನಲ್ಲಿ ಸಾರುವವರ ಮಾತಿಗೆ ಮರುಳಾಗಿ ಗುಳಿಗೆ ಬಿಟ್ಟವರು ಕಾಲು ಕಳೆದುಕೊಳ್ಳುವುದೂ ಉಂಟು. ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾನೂನು 1954ರಿಂದಲೇ ನಮ್ಮಲ್ಲಿದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಯಂತ್ರಗಳೂ ಈಗ ಬಂದಿವೆ. ವೈದ್ಯರು ಹೇಳಿದ್ದನ್ನು ಬಿಡಿಸಿ ತಿಳಿಯಲು ಅವುಗಳ ನೆರವು ಪಡೆಯಬಹುದು. ಆದರೆ ಅವು ನಾಡಿ ಹಿಡಿದು ನೋಡಲಾರವು, ತಪ್ಪನ್ನೂ ಧೈರ್ಯವಾಗಿಯೇ ಹೇಳುತ್ತವೆ. ಗುಳಿಗೆ ಶುರು ಮಾಡುವ ಮತ್ತು ನಿಲ್ಲಿಸುವ ಮಾತು ವೈದ್ಯರದೇ ಆಗಿರಲಿ.

ಹಾಗಾದರೆ ಮನೆಮಂದಿ ಮಾಡಬೇಕಾದುದೇನು? ಮೂರೇ ಕೆಲಸ.

ಮೊದಲನೆಯದು, ಮಾತನಾಡುತ್ತಿರುವವರು ಯಾರು ಎಂದು ತಿಳಿಯುವುದು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರ ವರುಷಗಳಿಗೂ ಹಿಂದಿನ ಆ ಶಾಸನವು ಮೊದಲಿಗೆ ಹೇಳುವುದು ಮಾತು ಯಾರದೆಂಬುದನ್ನು. ದೇವಾನಾಂಪ್ರಿಯ ಎಂಬ ಅರಸನ ಬಿರುದಿನಿಂದಲೇ ಅದು ಆರಂಭವಾಗುತ್ತದೆ. ರೇಡಿಯೋದ ಪದ್ಧತಿಯೂ ಹಾಗೆಯೇ: ಮೊದಲು ನಿಲಯದ ಹೆಸರು, ಆಮೇಲೆ ವಾರ್ತೆ. ತಾನಾಗಿ ಬಂದ ಕರೆಯಲ್ಲಿ ಹೇಳಿದ ಹೆಸರನ್ನು ಮಾತ್ರ ನಂಬಬಾರದು; ಈಗ ನೆಂಟರ ದನಿಯನ್ನೂ ಯಂತ್ರ ಅನುಕರಿಸಬಲ್ಲದು. ಕರೆ ಕತ್ತರಿಸಿ, ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ನೀವೇ ಕರೆಮಾಡಿ ವಿಚಾರಿಸಿ. "ಆತು ಬಿಡ್ರಿ, ನಾಳೆ ದವಾಖಾನಿಗೇ ಬಂದು ಕೇಳ್ತೀನಿ" ಎಂಬ ಒಂದು ಮಾತು ಸಾಕು. ನಿಜವಾದವನು ಒಪ್ಪುತ್ತಾನೆ; ಕಳ್ಳನು ಅವಸರ ಮಾಡುತ್ತಾನೆ. ವೈದ್ಯರ ವಿಷಯದಲ್ಲೂ ಇದೇ ನಿಯಮ. 2020ರ ಮಾರ್ಚಿನಲ್ಲಿ ಹೊರಬಂದ ದೂರಚಿಕಿತ್ಸೆಯ ನಿಯಮಗಳ ಪ್ರಕಾರ ಔಷಧದ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು.

ಎರಡನೆಯದು, ಕೊಡಬಾರದ್ದನ್ನು ಕೊಡದಿರುವುದು. ಯುಪಿಐ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೋಗುವುದಕ್ಕೆ. ಹಣ ಬರುವುದಕ್ಕೆ ಅದು ಬೇಡವೇ ಬೇಡ. ಓಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಕಾರ್ಡು ಮಾಡಿಸುವಾಗ ಎದುರಿಗೆ ಕುಳಿತವರು ಓಟಿಪಿ ಕೇಳುವುದುಂಟು. ಆಗ ಸಂದೇಶವನ್ನು ಮೊದಲು ಪೂರ್ತಿ ಓದಿ, ಇಲ್ಲವೇ ಓದಬಲ್ಲ ಮಕ್ಕಳಿಂದ ಓದಿಸಿ. ಅದು ಯಾವ ಕೆಲಸಕ್ಕೆ ಬಂದದ್ದೆಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಕಾರ್ಡಿನ ಕೆಲಸಕ್ಕೆ ಹೋದಾಗ ಬ್ಯಾಂಕಿನ ಓಟಿಪಿ ಬಂದರೆ ಅಲ್ಲಿಂದ ಎದ್ದುಬಿಡಿ. ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಆಭಾ ಎಂಬುದು 14 ಅಂಕಿಗಳ ಆರೋಗ್ಯ ಸಂಖ್ಯೆ. ನಿಮ್ಮ ಪರೀಕ್ಷೆಯ ವರದಿಗಳನ್ನು ಒಂದೆಡೆ ಜೋಡಿಸುವುದು ಅದರ ಕೆಲಸ. ಮಾಡಿಸುವುದು ನಿಮ್ಮ ಇಚ್ಛೆ, ಯಾರಿಗೆ ತೋರಿಸಬೇಕೆಂಬುದೂ ನಿಮ್ಮ ಒಪ್ಪಿಗೆ. ಆಯುಷ್ಮಾನ್ ಕಾರ್ಡು ಬೇರೆ. ಅರ್ಹ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರಿಂದ ಸಿಗುತ್ತದೆ. ಎರಡನ್ನೂ ಒಂದೇ ಎಂದು ಬಗೆದವರನ್ನು ಮೋಸಗೊಳಿಸುವುದು ಸುಲಭ.

ಮೂರನೆಯದು, ಮೋಸವಾದ ಮೇಲೆ ಸುಮ್ಮನೆ ಕೂಡದಿರುವುದು. ಹೃದಯಕ್ಕೆ ಸುವರ್ಣ ಸಮಯವಿರುವಂತೆ ಇದಕ್ಕೂ ಇದೆ. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತ ಹೋಗುತ್ತದೆ. ನಗದಾಗಿ ಕೈಸೇರುವ ಮುಂಚೆ ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಬ್ಯಾಂಕಿನಿಂದ, ವಹಿವಾಟಿನ ಸಂಖ್ಯೆ ಯಾವುದು ಎಂಬಿಷ್ಟು ಕೈಯಲ್ಲಿರಲಿ. ಗ್ರಾಹಕನ ಅಜಾಗ್ರತೆಯಿಂದಲೇ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿತ್ತು. ಬೇಗ ತಿಳಿಸುವುದರ ಬೆಲೆ ಇದರಿಂದಲೇ ಗೊತ್ತಾಗುತ್ತದೆ.

ಎಚ್ಚರವು ಮನೆಯವರ ಪಾಲಿಗೆ ಮಾತ್ರ ಸೇರಿದ್ದಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ, ಹಲವು ದಿನ ಚೀಟಿ, ವರದಿ ಎಲ್ಲವನ್ನೂ ಕೈಯಿಂದ ಬರೆಯಬೇಕಾಯಿತು. ದೇಶದ ಅಂಥ ಹೆಸರಾಂತ ಆಸ್ಪತ್ರೆಗೆ ಆದದ್ದು ತಾಲೂಕಿನ ಆಸ್ಪತ್ರೆಗೆ ಆಗದೆಂದು ಹೇಳಲಾಗದು. ರೋಗಿಗಳ ಪಟ್ಟಿಯ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು, ಒಂದೇ ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳುವುದು ನಿಲ್ಲಬೇಕು. ರೋಗಿಯ ಗುಟ್ಟು ಕಾಯುವುದು ವೈದ್ಯವೃತ್ತಿಯ ಹಳೆಯ ಧರ್ಮ. ಗುಟ್ಟು ಈಗ ದಫ್ತರದಿಂದ ಕಂಪ್ಯೂಟರಿಗೆ ಹೋಗಿದೆಯೆಂದು ಧರ್ಮ ಬದಲಾಗುವುದಿಲ್ಲ.

ಕೊನೆಗೆ ಒಂದು ಮಾತು. ಮೋಸಹೋದವರನ್ನು ಬೈಯಬೇಡಿ. ಓದಿದವರೂ, ಅಧಿಕಾರದಲ್ಲಿದ್ದವರೂ ಮೋಸಹೋಗಿದ್ದಾರೆ. ಹತ್ತು ಸಾವಿರ ರೂಪಾಯಿ ಕಳೆದುಕೊಂಡ ಮುದುಕಿಯನ್ನು ಮನೆಯವರೆಲ್ಲ ಸೇರಿ ಜರೆದರೆ, ಆಕೆ ಎರಡನೆಯ ಸಲ ಬಾಯಿಬಿಡುವುದಿಲ್ಲ. 1930ಕ್ಕೆ ಹೇಳಬೇಕಾದ ಹೊತ್ತು ನಾಚಿಕೆಯಲ್ಲೇ ಕಳೆದುಹೋಗುತ್ತದೆ. ಅಷ್ಟೇ ಅಲ್ಲ, ಮೊಬೈಲೆಂದರೆ ಆಕೆ ಬೆಚ್ಚುತ್ತಾಳೆ. ಆರೋಗ್ಯ ಮಂದಿರದಲ್ಲಿ ತೆರೆಯ ಮೇಲೆ ಕಾಣುವ ವೈದ್ಯರನ್ನೂ ಸಂಶಯದಿಂದ ನೋಡಿ ಎದ್ದು ಬರುತ್ತಾಳೆ. ಕಳ್ಳನು ಒಯ್ದ ಹಣವನ್ನು ಮತ್ತೆ ದುಡಿಯಬಹುದು. ಆ ಅಂಜಿಕೆಯಿಂದ ತಪ್ಪಿಹೋದ ಚಿಕಿತ್ಸೆಯನ್ನು ಮರಳಿ ತರಲಾಗದು.

ಆದುದರಿಂದ ಮಹಾಜನರೇ, ಕಳ್ಳನ ಭಯಕ್ಕೆ ಬಾಗಿಲನ್ನು ಗೋಡೆಯಿಂದ ಮುಚ್ಚಿಬಿಡಬೇಡಿ. ಚಿಲಕವಿಟ್ಟು, ಯಾರೆಂದು ಕೇಳಿ, ತೆರೆಯಿರಿ. 108, 14416, 1930 ಈ ಮೂರು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಮನೆಯ ಹಿರಿಯರ ಕಣ್ಣಿಗೆ ಬೀಳುವಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲೋ ರೇಡಿಯೋದ ಮೇಲೋ, ಇಂದೇ ಅಂಟಿಸಿರಿ.