ಕನ್ನಡ ಬಂದವರಿಗೆ ಇಂಗ್ಲಿಷ್ ವ್ಯಾಕರಣ ಹೊಸದಲ್ಲ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಹತ್ತನೆಯ ತರಗತಿ ಮುಗಿಸಿ ಕಲಬುರಗಿಗೆ ಓದಲು ಹೋದ ನಮ್ಮ ಮಕ್ಕಳಲ್ಲಿ ಕೆಲವರು ನಡುವೆಯೇ ಊರಿಗೆ ಮರಳುತ್ತಾರೆ. ಕೇಳಿದರೆ, 'ಇಂಗ್ಲಿಷ್ ತಿಳೀವಲ್ದುರಿ' ಎನ್ನುತ್ತಾರೆ. ಬುದ್ಧಿ ಇದ್ದೂ ಅಂಜಿಕೆಯಿಂದ ಓದು ಬಿಡುವ ಆ ಮಕ್ಕಳಿಗಾಗಿ ಈ ನಾಲ್ಕು ಮಾತು.

ಇಂಗ್ಲಿಷಿನಲ್ಲಿ ಪದಗಳನ್ನು 8 ಬಗೆಯಾಗಿ ವಿಂಗಡಿಸುತ್ತಾರೆ. ನಮ್ಮೂರಿನ ಒಂದು ವಾಕ್ಯ ನೋಡೋಣ: 'ಅಬ್ಬಾ! ಅವನು ಮತ್ತು ನಾನು ಕೆಂಪು ಬಾಳೆಹಣ್ಣನ್ನು ಬೇಗ ಕಲಬುರಗಿಗೆ ಒಯ್ದೆವು.'

ಬಾಳೆಹಣ್ಣು, ಕಲಬುರಗಿ ನಾಮಪದಗಳು, ಅಂದರೆ ನೌನ್. ಅವನು, ನಾನು ಸರ್ವನಾಮ, ಅಂದರೆ ಪ್ರೊನೌನ್. ಕೆಂಪು ಎಂಬುದು ಗುಣವಾಚಕ, ಅದೇ ಅಡ್ಜೆಕ್ಟಿವ್. ಒಯ್ದೆವು ಎಂಬುದು ಕ್ರಿಯಾಪದ, ಅದೇ ವರ್ಬ್. ಬೇಗ ಎಂಬುದು ಅಡ್ವರ್ಬ್, ಮತ್ತು ಎಂಬುದು ಕಂಜಂಕ್ಷನ್, ಅಬ್ಬಾ ಎಂಬುದು ಇಂಟರ್ಜೆಕ್ಷನ್. ಈ ಮೂರನ್ನೂ ನಾವು ಅವ್ಯಯ ಎನ್ನುತ್ತೇವೆ. ಏಳಾದವು.

ಎಂಟನೆಯದು ಪ್ರಿಪೊಸಿಷನ್. ನಮ್ಮ ವಿಭಕ್ತಿ ಪ್ರತ್ಯಯದ ಕೆಲಸವನ್ನೇ ಅದು ಬಹುಮಟ್ಟಿಗೆ ಮಾಡುತ್ತದೆ. ನಾವು ಹೆಸರಿನ ಕೊನೆಗೆ ಹಚ್ಚುತ್ತೇವೆ, ಅವರು ಹೆಸರಿನ ಮೊದಲು ಇಡುತ್ತಾರೆ. ಕಲಬುರಗಿಗೆ ಎಂದರೆ ಟು ಕಲಬುರಗಿ. ಕಲಬುರಗಿಯಿಂದ ಎಂದರೆ ಫ್ರಮ್ ಕಲಬುರಗಿ. ಕಲಬುರಗಿಯಲ್ಲಿ ಎಂದರೆ ಇನ್ ಕಲಬುರಗಿ. ಹಾಗೆಯೇ ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಅವರದು ಕರ್ತೃಪದದ ಬೆನ್ನಿಗೇ ಬರುತ್ತದೆ. 'ನಾನು ಬಾಳೆಹಣ್ಣು ತಿನ್ನುತ್ತೇನೆ' ಎಂಬುದು 'ಐ ಈಟ್ ಎ ಬನಾನಾ' ಆಗುತ್ತದೆ. ಈ ಎರಡು ಅದಲುಬದಲು ಕೈವಶವಾದರೆ ಅರ್ಧ ಅಂಜಿಕೆ ಹೋಯಿತು.

ಇನ್ನೊಂದು ಲೆಕ್ಕ ಕೇಳಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯೆ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ: ಒಟ್ಟು 9 ರೂಪ. ಇಷ್ಟಕ್ಕೆಲ್ಲ ಇಂಗ್ಲಿಷಿನಲ್ಲಿ ಇರುವುದು ಗೋ ಮತ್ತು ಗೋಸ್ ಎಂಬ 2 ರೂಪ. ಒಂಬತ್ತನ್ನು ಶಾಲೆಗೆ ಬರುವ ಮೊದಲೇ ತಾಯಿಯಿಂದ ಕಲಿತ ಮಗುವಿಗೆ ಎರಡು ಭಾರವೇ?

ಕನ್ನಡದಲ್ಲಿ ಇಂದು ದೊರೆತಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಶ್ರಯದಲ್ಲಿ ಹುಟ್ಟಿದ ಅದು ಭಾಷೆಯ ಗುಣದೋಷಗಳನ್ನೇ ವಿಚಾರಿಸಿತು. ಆ ಅರಸರ ರಾಜಧಾನಿ ಮಾನ್ಯಖೇಟ ನಮ್ಮ ಜಿಲ್ಲೆಯ ಇಂದಿನ ಮಳಖೇಡ. ಅಂಥ ನೆಲದ ಮಕ್ಕಳು ವ್ಯಾಕರಣಕ್ಕೆ ಹೆದರಬಾರದು.

ಶಿಕ್ಷಕರಲ್ಲಿ ನನ್ನ ಅರಿಕೆ ಇಷ್ಟು: ಕನ್ನಡದ ವಾಕ್ಯ ಬಿಡಿಸಿ ತೋರಿಸಿ, ಆಮೇಲೆ ಇಂಗ್ಲಿಷಿಗೆ ಬನ್ನಿ. ಪಾಲಕರೆ, ಮಗು ತಪ್ಪು ಇಂಗ್ಲಿಷ್ ಆಡಿದರೆ ನಗಬೇಡಿ. ಮಕ್ಕಳೆ, ದಿನಕ್ಕೊಂದು ವಾಕ್ಯ ಬರೆದು ಗುರುಗಳಿಗೆ ತೋರಿಸಿ. ಇಂಗ್ಲಿಷ್ ಒಂದರ ಕಾರಣಕ್ಕೆ ಈ ಶಾಲೆಯ ಯಾವ ಮಗುವೂ ಓದು ಬಿಡದಿರಲಿ.